ಹೊರಗಿನ ನೀರು, ಒಳಗಿನ ನೀರು ಮತ್ತು ನಮ್ಮ ಹಸು

ಒಂದು ಒಗಟು ಹೇಳ್ತೀನಿ, ಬಿಡಿಸಿ. ಮೈತುಂಬ ನೀಲಿ ಹೂವು, ಮೂಗಿನ ಕೆಳಗೆ ಚಿಗುರು ಮೀಸೆ, ಹಾಲಿಗೆ ಕೂರುತ್ತೆ, ನೀರಿಗೆ ಹೆದರುತ್ತೆ. ಏನದು?

ತಲೆ ಕೆರ್ಕೋಬೇಡಿ, ಬರಲ್ಲ. ನಮ್ಮ ಕೊಪ್ಪದ ಮೇಷ್ಟ್ರಿಗೇ ಬರ್ಲಿಲ್ಲ. ಹತ್ತನೇ ಕ್ಲಾಸಲ್ಲಿ ಎರಡು ಸಲ ಡುಮ್ಕಿ ಹೊಡೆದ ನಂಗೆ ಮಾತ್ರ ಗೊತ್ತು. ನಾನು ಯಾರಿಗೆ ತಮಾಷೆ ಮಾಡೋಕೆ ಹೋದ್ರೂ ಅದು ಊರು ಸುತ್ತಿ ಬಂದು ನನ್ನ ಕಾಲಿಗೇ ತೊಡರ್ಕೊಳ್ಳುತ್ತೆ. ಈ ಬೇಸಿಗೇಲಿ ತೊಡರ್ಕೊಂಡಿದ್ದಂತೂ ತಿಂಗಳು ಪೂರ್ತಿ ಅನ್ನ ಸೇರದ ಹಾಗೆ ಮಾಡ್ತು.

1. ಜೇಬಲ್ಲಿ ಫೋನೈತೆ

ನಂಗೆ ಈಜು ಬರಲ್ಲ. ನೀರು ಮಂಡಿ ದಾಟಿದ್ರೆ ಎದೆ ಡಬಡಬ ಅನ್ನುತ್ತೆ. ಊರಲ್ಲಿ ಇದು ಯಾರಿಗೂ ಗೊತ್ತಿಲ್ಲ, ಯಾಕಂದ್ರೆ ನಾಲೆ ಏರಿ ಮೇಲೆ ನಿಂತು ಉಳಿದೋರನ್ನ ಹಿಂದಿಂದ ನೂಕೋನೇ ನಾನು. ನೂಕೋನಿಗೆ ಈಜು ಬರುತ್ತಾ ಅಂತ ಯಾರೂ ಕೇಳಲ್ಲ.

ಒಂದಿನ ನೂಕಿಸ್ಕೊಂಡ ಗೆಳೆಯ ಮೇಲೆ ಬಂದು ನನ್ನ ಸೊಂಟ ಹಿಡ್ಕೊಂಡ. "ಇವತ್ತು ನಿನ್ ಸರದಿ ಕಣ್ಲಾ."

"ಬುಡ್ಲಾ, ಜೇಬಲ್ಲಿ ಫೋನೈತೆ," ಅಂದೆ. ಪಾಪ, ಬಿಟ್ಟ.

ಅಷ್ಟೊತ್ತಿಗೆ ಹುಲ್ಲಿಗೆ ಹೊರಟಿದ್ದ ಅವ್ವ ಏರಿ ಮೇಲೆ ಬಂದ್ಳು. ನಂಗೆ ಫೋನ್ ಕೊಟ್ಟು, "ತಗೊಳಪ್ಪ, ಮನೇಲಿ ಒಂದೇ ಸಮ ಬಡ್ಕೊತಿತ್ತು," ಅಂದ್ಳು.

ಗೆಳೆಯ ನನ್ನ ಮುಖ ನೋಡ್ದ. "ಅದಲ್ಲ ಕಣ್ಲಾ, ನೆಗಡಿ," ಅಂದೆ. ಬಿಸಿಲಿಗೆ ನೆಲ ಕಾದು ಚಪ್ಪಲಿ ಅಂಟ್ಕೊತಾ ಇತ್ತು.

2. ಎರಡಕ್ಕೆ ಎರಡು

ತಂಗಿ ಏಳನೇ ಕ್ಲಾಸಲ್ಲಿ ಫಸ್ಟ್ ಬಂದ್ಳು. ಓದಿದೋಳು ಅವಳು, ಶಿಕ್ಷೆ ನಂಗೆ: ಮನೆಮಂದಿನೆಲ್ಲ ವಾಟರ್ ಪಾರ್ಕಿಗೆ ಕರ್ಕೊಂಡು ಹೋಗ್ತೀನಿ ಅಂತ ಅಪ್ಪ ಮಾತು ಕೊಟ್ಟುಬಿಟ್ಟ. ಮೈಸೂರು ಕಡೆ ಹೋದ್ರೆ ಬಯಲಲ್ಲಿರೋದು, ಬೆಂಗಳೂರು ಕಡೆ ಹೋದ್ರೆ ಮಾಲ್ ಒಳಗೆ ಸೂರಿನ ಕೆಳಗಿರೋದು. ನಾವಿರೋದು ನಡುಮಧ್ಯೆ. ಅಪ್ಪ, ತಂಗಿ ಹೊರಗಿನದಕ್ಕೆ. ಅಜ್ಜಿ, ಅವ್ವ ಒಳಗಿನದಕ್ಕೆ. ಅಜ್ಜಿಗೆ ಬಿಸಿಲು ಆಗಲ್ಲ. ಅವ್ವಂಗೆ ಅಲ್ಲಿ ಕೊಡೋ ನೈಲಾನ್ ಬಟ್ಟೇಲಿ ಬಯಲಲ್ಲಿ ನಿಲ್ಲೋಕೆ ನಾಚಿಕೆ. ಉಳಿದಿದ್ದು ನನ್ನ ಓಟು.

ಬೆಳಿಗ್ಗೆ ಹೊರಗಿನದು ಅಂದೆ, ಅಜ್ಜಿ ಮುನಿಸ್ಕೊಂಡ್ಳು. ಸಂಜೆ ಒಳಗಿನದು ಅಂದೆ, ತಂಗಿ ಊಟ ಬಿಟ್ಳು. ಹೀಗೇ ಎಳೆದ್ರೆ ಸ್ಕೂಲ್ ಶುರುವಾಗುತ್ತೆ ಅಂತ ನನ್ನ ಉಪಾಯ. ತಂಗಿ ಹತ್ರ, "ಬಯಲಲ್ಲಿರೋ ನೀರಲ್ಲಿ ಕಾಗೆ ಸ್ನಾನ ಮಾಡ್ತವೆ," ಅಂದೆ. ಅಜ್ಜಿ ಹತ್ರ, "ಮಾಲಲ್ಲಿ ಮೆಟ್ಲು ತಾನಾಗೇ ಓಡುತ್ತೆ, ಸೆರಗು ಎಳ್ಕೊಂಡ್ ಬುಡುತ್ತೆ," ಅಂದೆ.

ನಾಲ್ಕನೇ ದಿನ ಅವ್ವನೇ ಪಕ್ಷ ಬದಲಾಯಿಸಿದ್ಳು. "ಒರಗಿನ್ದುಕ್ಕೇ ಓಗಾನ ಬುಡಿ. ಬಿಸ್ಲು ನಂಗೇನು ಒಸ್ದಾ? ನಾಚ್ಕೆ ಒಂದಿವ್ಸ ತಡ್ಕೊಂಡ್ರಾಯ್ತು. ಅತ್ತೆಗೆ ಛತ್ರಿ ತಗೊಂಡ್ ಓಗಾನ."

ನನ್ನ ಓಟಿಗೆ ಬೆಲೆಯೇ ಹೋಯ್ತು. ಅಜ್ಜಿ, ತಂಗಿ ಇಬ್ಬರೂ ಕೂತು ನಾನು ಯಾರಿಗೆ ಏನು ಹೇಳಿದ್ದೆ ಅಂತ ತಾಳೆ ನೋಡಿದ್ರು. ಅಜ್ಜಿ ಎಲೆಅಡಿಕೆ ಉಗಿದು ಹೇಳಿದ್ಳು: "ಇವ್ನು ಎಲ್ಲಾ ಪಾರ್ಟಿಯೋರ್ ತಾವ್ಲೂ ಬಾಡೂಟ ಉಂಡು, ಓಟಿನ್ ದಿವ್ಸ ಮನಿಕಂಡ್ ಬುಡೋ ಗಿರಾಕಿ ಕಣವ್ವ."

3. ಅಣ್ಣ ಅವ್ರಾ?

ನಂಗಿನ್ನು ಹಸುವೇ ಗತಿ. ನಮ್ಮ ಹಸು ಅವ್ವನ ಹೊರತು ಯಾರಿಗೂ ಹಾಲು ಕೊಡಲ್ಲ. ಮದುವೆಯಾಗಿ ಬಂದಾಗಿಂದ ಅವ್ವ ನೋಡಿರೋ ಲೋಕ ಅಂದ್ರೆ, ಬೆಳಿಗ್ಗೆ ಹಾಲು ಕರೆದು ಸಂಜೆ ಕರೆಯೋದರೊಳಗೆ ಹೋಗಿ ಬರೋವಷ್ಟು: ಈ ಕಡೆ ಮಂಡ್ಯ, ಆ ಕಡೆ ಮಳವಳ್ಳಿ. ಹಸು ಬದಲಾದ್ರೂ ಗಂಟೆ ಬದಲಾಗಿಲ್ಲ.

ಹಸುವನ್ನ ಏಮಾರಿಸೋಕೆ ನಮ್ಮ ಕಡೆ ಒಂದು ದಾರಿ ಐತೆ: ದಿನಾ ಕರೆಯೋರ ಬಟ್ಟೆ ಹಾಕ್ಕೊಂಡು ಕೂರೋದು. ವಾಸನೆಗೆ ಅದು ನಂಬುತ್ತೆ. ಪಾರ್ಕಿನ ದಿನ ಅಪ್ಪ ಬೇಗ ಬಸ್ಸು ಹತ್ತಿ ವಾಪಸ್ ಬಂದು ಹಾಲು ಕರೆಯೋದು ಅಂತ ತೀರ್ಮಾನ ಆಯ್ತು. ಮೊದಲು ಪರೀಕ್ಷೆ.

ಅಪ್ಪ ಅವ್ವನ ನೀಲಿ ಹೂವಿನ ನೈಟಿ ತೊಟ್ಟು, ತಲೆಗೆ ಟವೆಲ್ ಹೊದ್ದು ಕೂತ. ಹಸು ಭುಜ ಮೂಸ್ತು, ಸುಮ್ಮನಾಯ್ತು. ಚೊರ್ ಅಂತ ಹಾಲು ಬಂತು. ನನ್ನ ಜೀವ ಹೋಯ್ತು. ಗೋಡೆ ಹಿಂದೆ ನಿಂತು ಅಪ್ಪನ ನಂಬರಿಗೆ ಒಂದು ಕಾಲ್ ಕೊಟ್ಟೆ. ನೈಟಿಯೊಳಗೆ ಫೋನ್ ಕಿರಿಚಿದ್ದೇ ತಡ, ಹಸು ಒದೀತು, ಬಕೆಟ್ ಹಾರಿತು. ಸರಿಯಾಗಿ ಅದೇ ಹೊತ್ತಿಗೆ ಡೇರಿ ಸೆಕ್ರೆಟರಿ ಕೊಟ್ಟಿಗೆ ಬಾಗಿಲಿಗೆ ಬಂದ್ರು.

"ಅಕ್ಕಾ, ಅಣ್ಣ ಅವ್ರಾ?"

ಅಪ್ಪ ತಿರುಗಲಿಲ್ಲ. ಟವೆಲ್ ಮುಂದಕ್ಕೆ ಎಳ್ಕೊಂಡು, ಸಣ್ಣ ದನಿ ಮಾಡಿ ಅಂದ: "ಮದ್ದೂರ್ಗೋಗವ್ರೆ."

ಮನೆಯೆಲ್ಲ ನಕ್ಕಿತು. ಅವ್ವ ಮಾತ್ರ ನೈಟಿ ಒಗೆದು ಮಡಚ್ತಾ, "ನೀವೆಲ್ಲ ಓಗ್ಬನ್ನಿ, ನಾನಿರ್ತೀನಿ," ಅಂದ್ಳು. ಯಾರ ಮೇಲೂ ಕೋಪ ಇಲ್ಲದ ದನಿ. ನನ್ನ ಎದೆ ಡಬಡಬ ಅಂತು, ಹತ್ರದಲ್ಲಿ ಎಲ್ಲೂ ನೀರಿಲ್ದೇನೇ.

4. ಮೊಸಳೆ

ಎರಡು ದಿನ ಬಿಟ್ಟು ಹಸು ಹೆಂಗೋ ಒಪ್ಕೊಂಡಿತು. ಅವ್ವನೂ ಹೊರಟ್ಳು.

ಪಾರ್ಕಲ್ಲಿ ಎಲ್ಲಕ್ಕಿಂತ ಎತ್ತರದ ಜಾರುಬಂಡೆ ಹತ್ತಿದೆ. ಕೆಳಗೆ ನೋಡಿದ್ರೆ ಅಜ್ಜಿಯ ಛತ್ರಿ ಅಂಗಿ ಗುಂಡಿಯಷ್ಟು ಕಾಣ್ತಿತ್ತು. ಹಿಂದಿನೋನು, "ಓಗ್ತೀಯೋ, ಇಲ್ಲೇ ಮನೆ ಕಟ್ತೀಯೋ?" ಅಂದ. ಕೈಬಿಟ್ಟೆ. ಮೂಗು ಬಾಯಿ ತುಂಬ ನೀರು ನುಗ್ಗಿದ್ರೂ ಮೊಸಳೆ ಹಂಗೆ ಈಜಿ ದಡ ಸೇರಿದೆ. ತಂಗಿ ಶಿಳ್ಳೆ ಹಾಕಿದ್ಳು. ಅಜ್ಜಿ ಪಕ್ಕದೋರಿಗೆ, "ನಮ್ ಉಡ್ಗ," ಅಂತ ತೋರಿಸಿದ್ಳು. ಅವತ್ತಿಗೆ ನನ್ನ ಹೆದರಿಕೆ ಸತ್ತುಹೋಯ್ತು.

ಚೆನ್ನಾಗೈತೆ ಅಲ್ವಾ? ಆದ್ರೆ ನೀವು ಒಂದು ಮಾತು ಕೇಳ್ಬೇಕಿತ್ತು: ಆವತ್ತು ಸಂಜೆ ಹಸು ಕರೆದೋರು ಯಾರು?

ಮೊಸಳೆ ಕತೆ ನಾನು ಕಟ್ಟಿದ್ದು. ಆ ಜಾರುಬಂಡೆ ಇಳಿದೋಳು ಅವ್ವ, ಎರಡು ಸಲ. ತಂಗಿ ಶಿಳ್ಳೆ ಹಾಕಿದ್ದು ಅವಳಿಗೆ. ಬೆಳಿಗ್ಗೆ ಹೊರಡೋವಾಗ ಅವ್ವ ನನ್ನ ಹತ್ರ ಬಂದು, ಬೇರೆ ಯಾರಿಗೂ ಕೇಳಿಸದ ಹಾಗೆ, "ಜೇಬಲ್ಲಿ ಫೋನೈತಾ ಮಗ?" ಅಂದಿದ್ಳು. ನಾಲೆ ಏರಿ ಮೇಲೆ ನನ್ನ ಮಾತು ಕಿವಿಗೆ ಬಿದ್ದಾಗ್ಲೇ ಅವಳಿಗೆ ಎಲ್ಲ ಗೊತ್ತಾಗಿತ್ತು.

ಹಸು ಒಪ್ಕೊಂಡಿದ್ದು ನನ್ನನ್ನ: ಸಂಜೆ ಐದಕ್ಕೆ ನಾನು ಕೊಟ್ಟಿಗೇಲಿ, ನೀಲಿ ಹೂವಿನ ನೈಟೀಲಿ, ತಲೆಗೆ ಟವೆಲ್ ಹೊದ್ದು ಕೂತಿದ್ದೆ. ಡೇರಿ ಸೆಕ್ರೆಟರಿ ಬಾಗಿಲಲ್ಲಿ ನಿಂತು, ಬಗ್ಗಿ ನನ್ನ ಮುಖ ನೋಡಿದ್ರು.

"ಅಕ್ಕಾ," ಅಂದ್ರು, "ಮೀಸೆ ಬತ್ತಾ ಐತೆ, ನೋಡ್ಕಳಿ."