ಭುಜ ಮೊದಲು, ಕಾಲು ಆಮೇಲೆ

ಡ್ರೈವರಿಗೂ ಅವನ ಎಡಗಾಲಿನ ಕಾಲುಚೀಲಕ್ಕೂ ನೇರ ಭೇಟಿಯಾಗಿ ವರ್ಷಗಳೇ ಕಳೆದಿದ್ದವು. ಸೈನ್ಯದಲ್ಲಿದ್ದಾಗ ಅವನ ಲಾರಿ ಹಳ್ಳಕ್ಕೆ ಮಗುಚಿತ್ತು. ಲಾರಿ ರಿಪೇರಿಯಾಯಿತು, ಇವನ ಎಡ ಸೊಂಟದ ಕೀಲು ಮಾತ್ರ ತುಕ್ಕು ಹಿಡಿದ ಗೇಟಿನಂತೆ ಅರ್ಧಕ್ಕೇ ನಿಂತುಬಿಟ್ಟಿತು. ಬಗ್ಗಿದರೆ ಕೈ ಮೊಣಕಾಲಿನವರೆಗೆ ಹೋಗಿ, ಮುಂದೆ ರಸ್ತೆಯಿಲ್ಲ ಎಂಬಂತೆ ವಾಪಸು ಬರುತ್ತಿತ್ತು. ಹಾಗಾಗಿ ಕಾಲುಚೀಲ ಹಾಕುವ ಕೆಲಸ ಹೆಂಡತಿಯದು.

ಅವತ್ತು ಬೆಳಿಗ್ಗೆಯೂ ಅವಳು ಕಾಲುಚೀಲ ಎಳೆಯುತ್ತಲೇ ಹೇಳಿದಳು: “ರೀ, ಡಾಕ್ಟರ ಮುಂದೆ ನೋವು ಅಂದ್ರೆ ನೋವು ಅನ್ನಿ. ಮಿಲಿಟರಿ ಗತ್ತು ತೋರಿಸ್ಬೇಡಿ.”

“ಹೇಳ್ತೀನಿ ಕಣೇ.”

“ಏನ್ ಹೇಳ್ತೀರ! ಲಾರಿ ಅಡಿಯಲ್ಲಿ ಸಿಕ್ಕಿಕೊಂಡಾಗ್ಲೂ ‘ಎಲ್ಲಾ ಸರಿಯಿದೆ ಸರ್’ ಅಂದ ಮಹಾನುಭಾವರು ನೀವು.”

ಮಾಜಿ ಸೈನಿಕರ ಆ ವಸತಿ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಡ್ರೈವರನ ಮನೆ ತುತ್ತತುದಿಯಲ್ಲಿ. ಈಗ ನೆಲಮಹಡಿಯಲ್ಲಿ ಒಂದೇ ಒಂದು ಮನೆ ಖಾಲಿಯಾಗಿತ್ತು. ಇವತ್ತಿನ ತಪಾಸಣೆಯಲ್ಲಿ ಯಾರ ಅಂಗವೈಕಲ್ಯಕ್ಕೆ ಹೆಚ್ಚು ಶೇಕಡಾ ಬೀಳುತ್ತದೋ ಸಂಜೆಗೆ ಅವರ ಕೈಗೆ ಬೀಗದಕೈ. ಹಾಲಿಗೆ ಹೋಗಿ ಬರುವಷ್ಟರಲ್ಲಿ ಹಾಲೇ ಒಡೆದುಹೋಗುವಷ್ಟು ಹೊತ್ತು ಮೆಟ್ಟಿಲ ಮೇಲೆ ಕಳೆಯುತ್ತಿದ್ದ ಡ್ರೈವರನಿಗೆ ಆ ಮನೆ ಕನಸಿನಲ್ಲೂ ಬರುತ್ತಿತ್ತು.

ಅಷ್ಟರಲ್ಲಿ ನಡುಮಹಡಿಯ ಅಜ್ಜಿ ಬಿಸಿನೀರಿನ ಚೀಲ ಹಿಡಿದು ಮೇಲೆ ಬಂದರು. “ತಗೋ ಮಗಾ, ಚೆನ್ನಾಗಿ ಶಾಖ ಕೊಟ್ಕೊ. ಕೀಲು ಬೆಣ್ಣೆ ಹಾಗೆ ಆಡುತ್ತೆ.”

“ಅಯ್ಯೋ ಅಜ್ಜಿ, ಇವತ್ತೊಂದು ದಿನ ಆಡಬಾರದು!” ಎಂದು ಹೆಂಡತಿ ಕೂಗಿಕೊಂಡಳು. ಹಿರಿಯರ ಮಾತು ಮೀರಿ ಅಭ್ಯಾಸವಿಲ್ಲದ ಡ್ರೈವರ್ ಆಗಲೇ ಚೀಲವನ್ನು ಸೊಂಟಕ್ಕೆ ಒತ್ತಿಕೊಂಡಾಗಿತ್ತು.

ಆಮೇಲೆ ಎದುರುಮನೆಯ ಬ್ಯಾಂಡ್ ಮಾಸ್ಟರ್ ಬಂದರು. ಸೈನ್ಯದ ವಾದ್ಯಮೇಳ ನಡೆಸಿ ನಿವೃತ್ತರಾದವರು, ಹುದ್ದೆಯಲ್ಲಿ ಇವನಿಗಿಂತ ಮೇಲಿನವರು. ಅವರನ್ನು ಕಂಡರೆ ಡ್ರೈವರನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

“ಏನಯ್ಯಾ, ಕುಂಟೋದು ಅಭ್ಯಾಸ ಆಯ್ತಾ?”

“ಅಭ್ಯಾಸ ಯಾಕೆ ಸರ್, ನಾನು ಕುಂಟನೇ ಅಲ್ವಾ?”

“ಅಲ್ಲೇ ಎಡವೋದು ನೀವೆಲ್ಲ. ನಿಜವಾದ ಕುಂಟನಿಗೂ ತಾಲೀಮು ಬೇಕಯ್ಯಾ. ನಡಿ ನೋಡೋಣ.”

ಡ್ರೈವರ್ ಪಡಸಾಲೆಯಲ್ಲಿ ಹೋಗಿ ಬಂದ. ಮತ್ತೆ ಹೋಗಿ ಬಂದ. ಬ್ಯಾಂಡ್ ಮಾಸ್ಟರು ಹುಬ್ಬು ಗಂಟಿಕ್ಕಿಕೊಂಡು ಹೊಸ ರಾಗ ಕೇಳುವವರಂತೆ ನೋಡಿದರು. “ಈಗ ನಾನು ಮಾಡ್ತೀನಿ. ಸರಿಯಿದೆಯಾ ಹೇಳು.”

“ಹಾಗಲ್ಲ ಸರ್, ಭುಜ ಮೊದಲು ಇಳೀಬೇಕು, ಕಾಲು ಆಮೇಲೆ ಬರುತ್ತೆ... ಹಾಂ, ಈಗ ಸರಿಯಾಯ್ತು!”

“ನರಳೋದು ಯಾವಾಗ?”

“ಕಾಲು ಎತ್ತೋಕೆ ಮುಂಚೆಯೇ ಸರ್. ಎತ್ತಿದ ಮೇಲೆ ಉಸಿರೇ ಇರಲ್ಲ.”

“ಭೇಷ್! ನೀನೂ ಇದನ್ನೇ ಮಾಡು,” ಎಂದು ಬೆನ್ನು ತಟ್ಟಿ, ಏನೋ ಸಣ್ಣ ಕೆಲಸವಿದೆಯೆಂದು ಸ್ಕೂಟರ್ ಹತ್ತಿ ಹೊರಟೇ ಹೋದರು.

ಗಂಡ ಹೆಂಡತಿ ಬಸ್ಸು ಹಿಡಿದರು. ಮೊದಲು ನರಳಬೇಕೋ, ನಿಜ ಹೇಳಬೇಕೋ, ಭುಜ ಇಳಿಸಬೇಕೋ ಎಂಬ ಚಿಂತೆಯಲ್ಲಿ ಡ್ರೈವರನಿಗೆ ತಾನು ನಿಜವಾದ ಕುಂಟನೋ ಕಲಿತ ಕುಂಟನೋ ಎಂಬುದೇ ಮರೆತಂತಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಒಮ್ಮೆ ಬಲಗಾಲು ಕುಂಟಿದ. ಹೆಂಡತಿ ತಿವಿದಳು. “ಆ ಕಾಲಲ್ಲರೀ!”

ಡಾಕ್ಟರು ಹೆಂಡತಿಯನ್ನು ಹೊರಗೇ ಕೂರಿಸಿದರು. ಅವರ ಕೈಯಲ್ಲಿ ಕೋನ ಅಳೆಯುವ ಸಾಧನವಿತ್ತು. ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ಕೈಕಾಲು ಬಂದಂತಿತ್ತು. ಗೋಡೆಯ ಮೊಳೆಯಲ್ಲಿ ಅವರ ಹಳೆಯ ಸೈನ್ಯದ ಟೋಪಿ ನೇತಾಡುತ್ತಿತ್ತು. ಡ್ರೈವರ್ ಅದನ್ನು ನೋಡಿದ. ಅಲ್ಲಿಗೆ ಮುಗಿಯಿತು.

“ಮಲಗಿ. ಎಡಗಾಲು ಎಷ್ಟಾಗುತ್ತೋ ಅಷ್ಟು ಎತ್ತಿ.”

“ಎಸ್ ಸರ್!” ಅಜ್ಜಿಯ ಶಾಖವೂ ಇತ್ತು, ಅಪ್ಪಣೆಯೂ ಆಗಿತ್ತು. ವರ್ಷಗಳಿಂದ ಏಳದ ಕಾಲು ಧ್ವಜದಂತೆ ಏರಿತು. ಕಣ್ಣ ಮುಂದೆ ನಕ್ಷತ್ರ ಉದುರಿದವು.

“ನೋವಿದೆಯಾ?”

“ಇಲ್ಲ ಸರ್! ಎಲ್ಲಾ ಸರಿಯಿದೆ ಸರ್!” ಎಂದವನಿಗೆ ಹೆಂಡತಿಯ ಮುಖ ನೆನಪಾಯಿತು, ನರಳಬೇಕಿತ್ತೆಂಬುದೂ ನೆನಪಾಯಿತು. ಕಾಲು ಕೆಳಗಿಳಿದು ಸುಖವಾಗಿ ಮಲಗಿದ ಮೇಲೆ “ಅಯ್ಯಯ್ಯಮ್ಮಾ!” ಎಂದ.

ಡಾಕ್ಟರು ಕನ್ನಡಕ ತೆಗೆದರು. “ಎದ್ದು ನಡೀರಿ.”

ನಡೆದ. ಭುಜ ಮೊದಲು, ಕಾಲು ಆಮೇಲೆ.

“ಸಾಕು ನಿಲ್ಲಿಸ್ರಿ! ನಾಚಿಕೆ ಆಗಲ್ವಾ ನಿಮಗೆ? ಬೆಳಿಗ್ಗೆ ಒಬ್ಬರು ಬಂದಿದ್ರು, ಪಾಪ, ವಯಸ್ಸಾದವರು. ನಿಜವಾದ ನೋವು ಅಂದ್ರೆ ಏನು ಅಂತ ಅವರನ್ನ ನೋಡಿ ಕಲೀಬೇಕು. ಕಾಲು ಎತ್ತೋ ಮೊದಲೇ ನರಳಾಟ! ನೀವು ಹೊರಗೆ ಕೂತು ಅವರ ನಡಿಗೆ ನೋಡಿಕೊಂಡು ಹಾಗೇ ನಕಲು ಹೊಡೀತಿದೀರ. ಅದೂ ಸರಿಯಾಗಿ ಬರ್ತಿಲ್ಲ!”

“ಸರ್, ಅದು ನನ್ನದೇ ನಡಿಗೆ...”

“ಏನಂದ್ರಿ?”

“ಏನಿಲ್ಲ ಸರ್!”

ಶೇಕಡಾ ಸೊನ್ನೆ. ಸೊನ್ನೆಯನ್ನು ಡಾಕ್ಟರು ಎಷ್ಟು ಒತ್ತಿ ಬರೆದರೆಂದರೆ ಕಾಗದ ತೂತಾಯಿತು. ಹೊರಗೆ ಬಂದ ಗಂಡನ ಕೈಯಿಂದ ಹೆಂಡತಿ ಕಾಗದ ತೆಗೆದುಕೊಂಡು ಆ ತೂತಿನಲ್ಲಿ ಇಣುಕಿದಳು. ಬಸ್ಸಿಳಿಯುವಾಗ, “ಎಲ್ಲಾ ಸರಿಯಿದೆ ಅಂದ್ರಿ ಅಲ್ವಾ?” ಎಂದಳು.

ಕಟ್ಟಡ ತಲುಪಿದಾಗ ಸಂಜೆಯಾಗಿತ್ತು. ನೆಲಮಹಡಿಯ ಖಾಲಿ ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ಬ್ಯಾಂಡ್ ಮಾಸ್ಟರು ಬೆರಳಿಗೆ ಬೀಗದಕೈ ಸಿಕ್ಕಿಸಿ ಗಿರಗಿರನೆ ತಿರುಗಿಸುತ್ತಿದ್ದರು. ಹೆಂಡತಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಕೈಯಲ್ಲಿದ್ದ ಕಾಗದವನ್ನು ಮುದುರಿ ಉಂಡೆ ಮಾಡಿದಳು.

“ಬಂದೆಯಾ ಡ್ರೈವರ್? ಒಳ್ಳೇದಾಯ್ತು. ಮಂಚ ಒಂದು ಮೇಲೇ ಉಳಿದಿದೆ. ನನ್ನ ಸೊಂಟದ ಗತಿ ಡಾಕ್ಟರೇ ಬರೆದುಕೊಟ್ಟಿದಾರೆ, ನಾನು ಭಾರ ಎತ್ತೋ ಹಾಗಿಲ್ಲ. ಸ್ವಲ್ಪ ಇಳಿಸ್ತೀಯಾ?”

“ಬೇಡಾ ರೀ!” ಎಂದು ಹೆಂಡತಿ ಅವನ ತೋಳು ಹಿಡಿಯುವಷ್ಟರಲ್ಲಿ ಡ್ರೈವರನ ಬೆನ್ನು ನೆಟ್ಟಗಾಗಿತ್ತು.

“ಎಸ್ ಸರ್!”

ಮಂಚ ಹೊತ್ತು ಅವನು ಗೋಡೆ ಸವರುತ್ತ ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ಕೀಲು ಹಳೆಯ ಗೇಟಿನಂತೆ ಕಿರುಗುಟ್ಟಿತು. ಕೆಳಗೆ ನಿಂತಿದ್ದ ಬ್ಯಾಂಡ್ ಮಾಸ್ಟರು ಅವನ ನಡಿಗೆ ನೋಡಿ ನಾಲಿಗೆ ಲೊಚಗುಟ್ಟಿಸಿದರು.

“ಇನ್ನೂ ಸರಿಯಾಗಿ ಬಂದಿಲ್ಲ ಕಣಯ್ಯಾ. ಭುಜ! ಭುಜ ಮೊದಲು ಇಳೀಬೇಕು!”