ಮೂವತ್ತಾರು ಇಂಚಿನ ಬಾಗಿಲಿಗೆ ತಂಡದ ಮುಖ್ಯಸ್ಥನ ಮನವಿ

ಹೊಸ ವಾಚನಾಲಯದ ಮುಂಬಾಗಿಲು ಅವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಹಿಡಿಕೆಗೆ ನಮಸ್ಕರಿಸಿ, ಈ ವಾಚನಾಲಯವನ್ನು ಸಜ್ಜುಗೊಳಿಸುವ ಆರು ಜನರ ತಂಡದ ಮುಖ್ಯಸ್ಥನಾದ ನಾನು ಬಹಿರಂಗವಾಗಿ ದೂರಿಕೊಳ್ಳುವುದೇನೆಂದರೆ, ಇಷ್ಟು ದಿನಗಳಲ್ಲಿ ನನ್ನ ಮಾತಿಗೆ ಮಣಿಯದೆ ಉಳಿದವರು ತಾವೊಬ್ಬರೇ.

ಜನರನ್ನು ಒಪ್ಪಿಸುವುದು ಹೇಗೆಂಬ ಮೂರು ದಿನದ ತರಬೇತಿ ಮುಗಿಸಿ ಬಂದವನು ನಾನು. ಪ್ರಮಾಣಪತ್ರ ಗೋಡೆಯ ಮೇಲಿದೆ. ಮೊಳೆ ಹೊಡೆದದ್ದು ನಮ್ಮ ಬಡಗಿ. ಅದೇ ಬಡಗಿ, ಪುಸ್ತಕ ಕೊಡುವ ಕೌಂಟರಿನ ಹಲಗೆಗಳನ್ನು ತಂದು ಒಳಗೇ ಜೋಡಿಸುತ್ತೇನೆಂದಾಗ, ಶೆಡ್ಡಿನಲ್ಲೇ ಅಂಟಿಸಿ ಇಡಿಯಾಗಿ ತಂದರೆ ಎರಡು ದಿನ ಉಳಿಯುತ್ತದೆಂದು ತಂಡದ ಸಭೆಯಲ್ಲಿ ನಲವತ್ತು ನಿಮಿಷ ಮಾತಾಡಿ ಒಪ್ಪಿಸಿದೆ. "ಬಾಗಿಲು ಸಾಲಲ್ಲ ಸಾರ್" ಎಂದರು. ಎದುರಿನವರ ಮಾತನ್ನು ಅವರಿಗೇ ತಿರುಗಿ ಹೇಳಬೇಕೆಂದು ತರಬೇತಿಯಲ್ಲಿ ಕಲಿಸಿದ್ದರಿಂದ, "ಬಾಗಿಲಿನ ಬಗ್ಗೆ ನಿಮಗೆ ಕಳವಳ ಇದೆ, ಅಲ್ವಾ" ಎಂದೆ. "ಕಳವಳ ಅಲ್ಲ ಸಾರ್, ನಾಲ್ಕು ಇಂಚು" ಎಂದರು. ಅವರ ಮುಕ್ತ ಮನಸ್ಸಿಗೆ ಎಲ್ಲರಿಂದ ಚಪ್ಪಾಳೆ ಹೊಡೆಸಿ ಮುಂದಿನ ವಿಷಯಕ್ಕೆ ಹೋದೆ. ಆಮೇಲೆ ಅವರು ಬಾಯಿ ಬಿಡಲಿಲ್ಲ. ಒಮ್ಮತ ಮೂಡಿತೆಂದು ವರದಿಯಲ್ಲಿ ಬರೆದೆ.

ಈಗ ಯಾವ ಕಡೆಯಿಂದ ಅಳೆದರೂ ನಲವತ್ತು ಇಂಚಿಗೆ ಕಡಿಮೆಯಿಲ್ಲದ ಆ ಕೌಂಟರ್ ತಮ್ಮೆದುರು ವರಾಂಡದಲ್ಲಿ ನಿಂತಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ. ಬಿಚ್ಚದ ಪುಸ್ತಕದ ಪೆಟ್ಟಿಗೆಯ ಮೇಲೆ ಕುಳಿತ ಗ್ರಂಥಪಾಲಕಿ, "ಬಾಗಿಲಿಗೂ ಸ್ವಲ್ಪ ತಿಳಿಸಿ ಹೇಳಿ ಸಾರ್, ನಿಮ್ಮ ಮಾತು ಯಾರು ತಾನೇ ತೆಗೆದುಹಾಕ್ತಾರೆ" ಎಂದಿದ್ದಾರೆ.

ಆದ್ದರಿಂದ ಈ ಪತ್ರ. ತಂಡದ ಐವರೂ ಗೋಣು ಹಾಕಿದಾಗ, ಮೊದಲ ದಿನ ಹೇಳಿದ್ದನ್ನೇ ಇವತ್ತೂ ಹೇಳುತ್ತಿರುವ ತಮ್ಮ ನಿಷ್ಠುರತೆ ದೊಡ್ಡದು. ಇಂಥವರೊಬ್ಬರು ನನ್ನ ಸಭೆಯಲ್ಲಿರಬೇಕಿತ್ತು. ಇದ್ದರು, ಅವರಿಗೆ ಚಪ್ಪಾಳೆ ಹೊಡೆಸಿದೆ. ಇರಲಿ. ಇಬ್ಬರೂ ಅರ್ಧ ದಾರಿ ಬಂದರೆ ಬಗೆಹರಿಯದ ತಕರಾರಿಲ್ಲವೆಂದು ಕಲಿತಿದ್ದೇನೆ. ತಾವು ಎರಡು ಇಂಚು ಹಿಗ್ಗುವುದಾದರೆ, ಎರಡು ಇಂಚು ಕುಗ್ಗುವಂತೆ ಕೌಂಟರಿನ ಮನವೊಲಿಸುವ ಹೊಣೆ ನನ್ನದು. ಸಂಜೆ ಐದರೊಳಗೆ ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ಕೋರುತ್ತೇನೆ.

ಹೊಸ್ತಿಲಾಚೆಯೇ ಉಳಿದ
ತಮ್ಮ ವಿಶ್ವಾಸಿ,
ತಂಡದ ಮುಖ್ಯಸ್ಥ

ವಿ.ಸೂ.: ಬಡಗಿ ಬಂದಿದ್ದಾರೆ. ಯಾವ ಸಭೆಯನ್ನೂ ಕರೆಯದೆ ತಮ್ಮನ್ನು ಚೌಕಟ್ಟು ಸಮೇತ ಕಳಚುತ್ತಿದ್ದಾರೆ. ಹೇಗೆ ಒಪ್ಪಿಸಿದಿರೆಂದು ಕೇಳಿದೆ. "ಒಪ್ಪಿಸೋಕೆ ಏನಿದೆ ಸಾರ್, ಆರು ಸ್ಕ್ರೂ" ಎಂದರು. ಆಮೇಲೆ ಒಳಗೆ ಇಣುಕಿ, ತಗ್ಗಿದ ದನಿಯಲ್ಲಿ, "ಒಳಬಾಗಿಲು ಮೂವತ್ನಾಲ್ಕು" ಎಂದರು. ಈ ಸಲ ನಾನು ಅವರ ಮಾತನ್ನು ತಿರುಗಿ ಹೇಳಲಿಲ್ಲ. ಅವರ ಅಳತೆ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡೆ.