ಮಾವನ ಮರುಭೂಮಿ

ನಮ್ಮ ಸೋದರಮಾವ ಸೊಲ್ಲಾಪುರದಾಚೆಗೆ ಕಾಲಿಟ್ಟವನಲ್ಲ. ಆದರೆ ಮರುಭೂಮಿಯ ವಿಷಯದಲ್ಲಿ ಅವನೆದುರು ಒಂಟೆ ಕೂಡ ಬಾಯಿ ತೆರೆಯಬಾರದು!

ಭಾಲ್ಕಿಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡು ಸುಖವಾಗಿದ್ದ ಮನುಷ್ಯನಿಗೆ ಈ ಹುಚ್ಚು ಹಿಡಿದದ್ದು ಮಗಳ ಮದುವೆ ಗೊತ್ತಾದಾಗ. ಹುಡುಗ ಔರಾದದವನು, ನೌಕರಿ ಮರುಭೂಮಿಯ ನಡುವಿನ ಜೈಸಲ್ಮೇರದಲ್ಲಿ.

"ಅಲ್ಲಿ ಬಿಸಿಲು ಭಾಳ ಇರ್ತದೇನ್ರಿ?" ಎಂದು ಮಾವ ಕೇಳಿದ.

"ಬಿಸಿಲು ಹ್ಯಾಂಗರ ತಡಕೋಬೋದ್ರಿ. ಚಳಿಗಾಲದಾಗ ರಾತ್ರಿ ಥಂಡಿ ತಡಕೊಳ್ಳಾಕ ಆಗಲ್ರಿ" ಎಂದ ಹುಡುಗ.

ಮಾವನ ಕೈಯಲ್ಲಿದ್ದ ಚಹಾ ಅಲ್ಲೇ ಆರಿತು.

ಬೆಂಕಿಯಂಥ ಊರಿನಲ್ಲಿ ಥಂಡಿ ಹೇಗೆ? ಅಂಗಡಿಗೆ ಬಂದವರನ್ನೆಲ್ಲ ಕೇಳಿದ. ಒಬ್ಬರು ದೇವರ ಇಚ್ಛೆ ಎಂದರು. ಇನ್ನೊಬ್ಬರು, ಮೊದಲು ಸೀರೆ ತೋರಿಸಿ ಎಂದರು. ಕಡೆಗೆ ಬೀದರಿನ ಕಾಲೇಜಿನ ಸರ್ ಒಬ್ಬರು ತಿಳಿಸಿ ಹೇಳಿದರು. ಅವತ್ತಿನಿಂದ ಕೇಳಿಸಿಕೊಳ್ಳುವ ಸರದಿ ಊರಿನದು.

ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗ್ರಿ?" ಅಂದರೆ, "ಔರಾದ. ಅಂದಂಗ, ಮರುಭೂಮಿ ರಾತ್ರಿ ಯಾಕ ಥಂಡಿ ಆಗ್ತದ, ನಿಮಗ ಮಾಲೂಮ್ ಅದ ಏನ್ರಿ?" ಪಾಪ, ಅವನು ಉಳಿದವರಿಗೆ ಟಿಕೆಟ್ ಕೊಡುವಷ್ಟರಲ್ಲಿ ಔರಾದವೇ ಬಂದಿತ್ತು.

ಬೀಗರ ಅಂಗಳದಲ್ಲಂತೂ ಹಗಲಿಡೀ ಬಿಸಿಲಿಗೆ ಒಂದು ತಾಟು ಉಸುಕು, ಒಂದು ಕೊಡ ನೀರು ಇಡಿಸಿದ. ಹೊತ್ತು ಮುಳುಗಿದ ಮೇಲೆ ಬೀಗರ ಕೈ ಹಿಡಿದು ಎರಡಕ್ಕೂ ಮುಟ್ಟಿಸಿದ. "ನೋಡ್ರಿ, ನೀರಿನಾಗ ಇನ್ನಾ ಬಿಸಿ ಅದ, ಉಸುಕು ಆಗಲೇ ಆರ್ಯದ. ಅಲ್ಲಿ ಮ್ಯಾಲ ಮೋಡ ಇಲ್ಲ, ಗಾಳಿಯಾಗ ಹಸಿ ಇಲ್ಲ. ಇದ್ದಿದ್ರ ಭೂಮಿಗಿ ಕೌದಿ ಹೊಚ್ಚಿದಂಗ ಆಗ್ತಿತ್ತು. ಇಲ್ಲ ಅಂದಮ್ಯಾಲ ಹಗಲಿನ ಬಿಸಿ ಎಲ್ಲಾ ಸೀದಾ ಆಕಾಶಕ್ಕ ಹೋಗ್ತದ."

ಬೀಗತಿ ಗಂಡನನ್ನು ಒಳಗೆ ಕರೆದು ಪಿಸುಗುಟ್ಟಿದರಂತೆ: "ಹುಡುಗಿನೂ ಹಿಂಗೇ ಅದಾಳೇನು, ಜರಾ ವಿಚಾರಸ್ರಿ."

ಹುಡುಗಿ ಹಾಗಿರಲಿಲ್ಲ. ಊಟಕ್ಕೆ ಕೂತರೂ, ತಲೆ ಬಾಚಿಕೊಂಡರೂ ಇದನ್ನೇ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. "ಅಪ್ಪಾ, ಬಿಡು. ನನಗ ಬಾಯಿಪಾಠ ಆಗ್ಯದ" ಎನ್ನುತ್ತಿದ್ದಳು.

ಮದುವೆಯಾಯಿತು. ಗಂಡಹೆಂಡತಿಯನ್ನು ಕಳಿಸಲು ಬೀದರ ಸ್ಟೇಷನ್ನಿಗೆ ಹೋದೆವು. ದಾರಿಯುದ್ದಕ್ಕೂ ಮಾವ ತುಟಿ ಬಿಚ್ಚಲಿಲ್ಲ. ಪಕ್ಕದಲ್ಲಿ ಕೂತಿದ್ದ ನನಗೇ ಯಾಕೋ ಭಯವಾಯಿತು. ಗಾಡಿ ಬಂದು, ಸಾಮಾನೆಲ್ಲ ಏರಿಸಿಯಾದ ಮೇಲೆ ಮಗಳು ಕಿಟಕಿಯಿಂದ ಅವನ ಕೈ ಹಿಡಿದುಕೊಂಡು, ಏನೂ ತಿಳಿಯದವಳಂತೆ ಕೇಳಿದಳು:

"ಅಪ್ಪಾ, ಅಲ್ಲಿ ರಾತ್ರಿ ಯಾಕ ಅಷ್ಟು ಥಂಡಿ ಆಗ್ತದ?"

ಮಾವ ಬಾಯಿ ತೆರೆದ. ಗಾಡಿ ಅಲುಗಿತು.

"ಗೊತ್ತಿಲ್ಲವ್ವ" ಎಂದ. "ನೀ ಬೆಚ್ಚಗಿರು."